ಮೆಟ್ರಿಕ್ಯುಲೇಷನ್ನಿನ ಆಚೆಗೆ

ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದವರು ಮೂವತ್ತು ನಲವತ್ತು ವರ್ಷಗಳ ಮೇಲೆ ಯಾವುದಾದರೊಂದು ಮದುವೆಯ ಮನೆಯಲ್ಲಿ ಎದುರಾಗುವುದುಂಟು. ಮೊದಲು ಗುರುತು ಹಿಡಿಯುವ ಸಂಭ್ರಮ. ಆಮೇಲೆ ಮೇಷ್ಟರುಗಳ ನೆನಪು, ಅವರ ಬೆತ್ತದ ನೆನಪು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಾತು ಲೆಕ್ಕಾಚಾರಕ್ಕೆ ತಿರುಗಿರುತ್ತದೆ. ಯಾರು ಯಾವ ಹುದ್ದೆಯಿಂದ ನಿವೃತ್ತರಾದರು, ಯಾರು ಎಲ್ಲಿ ಮನೆ ಕಟ್ಟಿಸಿದರು, ಯಾರ ಮಗ ಯಾವ ದೇಶದಲ್ಲಿದ್ದಾನೆ, ಯಾರ ಮಗಳಿಗೆ ಎಂಥ ಸಂಬಂಧ ದೊರೆಯಿತು — ಎಲ್ಲವೂ ಸಾರು ಬಡಿಸುವುದರೊಳಗೆ ಇತ್ಯರ್ಥವಾಗುತ್ತದೆ. ಅದೇ ಪಂಕ್ತಿಯ ಕೊನೆಯಲ್ಲಿ ಒಬ್ಬರಾದರೂ ತಲೆಯೆತ್ತದೆ ಅನ್ನ ಕಲಸುತ್ತ ಕುಳಿತಿರುತ್ತಾರೆ. ಅವರು ಆ ಕಾಲದಲ್ಲಿ ಪರೀಕ್ಷೆಯಲ್ಲಿ ತಪ್ಪಿದವರು. ನಲವತ್ತು ವರ್ಷ ಕಳೆದಿದ್ದರೂ ಆ ಒಂದು ಮಧ್ಯಾಹ್ನದ ಫಲಿತಾಂಶ ಅವರ ಪಕ್ಕದಲ್ಲಿಯೇ ಎಲೆ ಹಾಕಿಸಿಕೊಂಡು ಕುಳಿತಿರುತ್ತದೆ.

ಬಾಳನ್ನು ಹಿಂದಿರುಗಿ ನೋಡಿ ಲೆಕ್ಕ ಹಾಕುವುದು ಮನುಷ್ಯನಿಗೆ ಸಹಜ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಏನನ್ನು ಬರೆಯಬೇಕು, ಯಾರ ಹೆಸರಿನಲ್ಲಿ ಬರೆಯಬೇಕು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಒಬ್ಬ ಹುಡುಗ ಮುಂದೆ ಈ ಪ್ರಶ್ನೆಗೆ ಒಂದು ಉತ್ತರವನ್ನು ಬರೆದಿಟ್ಟ. ಆ ಹುಡುಗನ ಹೆಸರು ಗುಂಡಪ್ಪ. ಅವರನ್ನು ಕನ್ನಡಿಗರು ಡಿ.ವಿ.ಜಿ. ಎಂದು ಕರೆಯುತ್ತಾರೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ನೆಯ ಇಸವಿ ಮಾರ್ಚ್ 17ರಂದು ಹುಟ್ಟಿದರು. ಓದು ಮುಳಬಾಗಿಲಿನಲ್ಲಿ ಆರಂಭವಾಗಿ, ಮೈಸೂರಿಗೂ ಕೋಲಾರಕ್ಕೂ ಅಲೆದು, ಮೆಟ್ರಿಕ್ಯುಲೇಷನ್ ಪರೀಕ್ಷೆಯ ಬಾಗಿಲಲ್ಲಿ ನಿಂತುಹೋಯಿತು. ಅಂದಿನ ದಿನಗಳಲ್ಲಿ ಮೆಟ್ರಿಕ್ಯುಲೇಷನ್ ಎಂದರೆ ಸರ್ಕಾರದ ಕಚೇರಿಗೆ ಹೊಗುವ ರಹದಾರಿ. ಅದಿಲ್ಲದವನಿಗೆ ಗುಮಾಸ್ತೆಯ ಕುರ್ಚಿಯೂ ದೂರ. ಅಷ್ಟರಲ್ಲಿ ಮದುವೆಯೂ ಆಗಿದ್ದಿತು. ಇಪ್ಪತ್ತು ತುಂಬದ ತರುಣ. ಕೈಯಲ್ಲಿ ಸರ್ಟಿಫಿಕೇಟಿಲ್ಲ, ಹೆಗಲ ಮೇಲೆ ಸಂಸಾರ.

ಆಗ ಸಿಕ್ಕಿದ ಕೆಲಸಗಳನ್ನು ಇಂದು ಹೇಳಿದರೆ ಕಥೆಯಂತೆ ತೋರುತ್ತದೆ. ಸ್ವಲ್ಪ ಕಾಲ ಶಾಲೆಯಲ್ಲಿ ಉಪಾಧ್ಯಾಯನ ಕೆಲಸ. ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ದುಡಿಮೆ. ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲಿ ಇನ್ನಷ್ಟು ದಿನ. ಕೊನೆಗೆ ಬೆಂಗಳೂರಿನಲ್ಲಿ ಪತ್ರಿಕೆಯ ಕೆಲಸ ಸಿಕ್ಕಿತು. ಅಲ್ಲಿ ಸಂಬಳ ಕಡಮೆ, ನೆಚ್ಚಿಕೆ ಇನ್ನೂ ಕಡಮೆ. ಇಂದು ನಡೆದ ಪತ್ರಿಕೆ ನಾಳೆ ನಿಂತೀತು. ಆದರೂ ಆ ಕೆಲಸವೇ ಅವರ ಕೈಹಿಡಿಯಿತು. 1910ರ ದಶಕದಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ನಡೆಸಿದರು. ಸಂಸ್ಥಾನದ ಆಡಳಿತವನ್ನು ಕುರಿತು ಸ್ವತಂತ್ರವಾಗಿ ಬರೆಯುವ ಲೇಖನಿ ಅವರದೆಂದು ದಿವಾನರವರೆಗೂ ತಿಳಿಯಿತು.

ಶಾಲೆ ಕೊಡದೆ ಹೋದ ವಿದ್ಯೆಯನ್ನು ಅವರು ಶಾಲೆಯ ಹೊರಗೆ ಹುಡುಕಿದರು. ಹಾನಗಲ್ ವಿರೂಪಾಕ್ಷಶಾಸ್ತ್ರಿಗಳಂಥ ವಿದ್ವಾಂಸರ ಸನ್ನಿಧಿಯಲ್ಲಿ ಕುಳಿತು ವೇದಾಂತ ಕೇಳಿದರು. ಇಂಗ್ಲಿಷಿನಲ್ಲಿ ರಾಜ್ಯಶಾಸ್ತ್ರದ ಗ್ರಂಥಗಳನ್ನು ತಾವಾಗಿಯೇ ಓದಿಕೊಂಡರು. ಹಗಲು ಪತ್ರಿಕೆ, ರಾತ್ರಿ ಪುಸ್ತಕ. ಹೀಗೆ ಕಲಿತವರಿಗೆ ತರಗತಿಯೆಂಬುದು ಮುಗಿಯುವುದಿಲ್ಲ. ಪಾಸಾದೆನೆಂದು ಪುಸ್ತಕವನ್ನು ಅಟ್ಟಕ್ಕೆ ಹಾಕುವ ದಿನ ಬರುವುದೇ ಇಲ್ಲ.

ಹೊರಗಿನ ಲೆಕ್ಕವನ್ನು ಬರೆಯುವುದಾದರೆ ಅದು ಈಗ ಉದ್ದವಾಗಿ ಬೆಳೆಯುತ್ತದೆ. ಮೈಸೂರು ಸಂಸ್ಥಾನದ ಶಾಸನ ಪರಿಷತ್ತಿನಲ್ಲಿ ಸದಸ್ಯತ್ವ. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1943ರಲ್ಲಿ ‘ಮಂಕುತಿಮ್ಮನ ಕಗ್ಗ’. 1945ರಲ್ಲಿ ಬೆಂಗಳೂರಿನ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸ್ಥಾಪನೆ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಊರಿನಲ್ಲಿ ಹುಡುಗನಾಗಿ ಓದಿ ಮೆಟ್ರಿಕ್ಯುಲೇಷನ್ ದಾಟಲಾರದೆ ಹೋದವರು ಎಪ್ಪತ್ತನಾಲ್ಕನೆಯ ವಯಸ್ಸಿಗೆ ಡಾಕ್ಟರ್ ಆದರು. 1967ರಲ್ಲಿ ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. 1975ನೆಯ ಇಸವಿ ಅಕ್ಟೋಬರ್ 7ರಂದು ಅವರು ಕಾಲವಾದರು. ಬೆಂಗಳೂರಿನ ಬಸವನಗುಡಿಯಲ್ಲಿ ಅವರ ಹೆಸರಿನ ರಸ್ತೆಯಿದೆ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಪ್ರತಿಮೆಯಿದೆ.

ಇಲ್ಲಿಗೆ ನಿಲ್ಲಿಸಿದರೆ, ಸೋತ ಹುಡುಗ ಕೊನೆಗೆ ಗೆದ್ದನೆಂಬ ನೀತಿಪಾಠ ದೊರೆಯುತ್ತದೆ. ಮಕ್ಕಳಿಗೆ ಹೇಳಲು ಅದು ಚೆನ್ನಾಗಿಯೂ ಇದೆ. ಆದರೆ ಮನೆಯ ಒಳಗಿನ ಲೆಕ್ಕವನ್ನು ನೋಡದೆ ಹೊರಗಿನದನ್ನು ಕೂಡುವುದು ನ್ಯಾಯವಾಗದು.

ಪತ್ರಿಕೆಯವನ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಆ ಬೆಲೆಯನ್ನು ಅನೇಕ ವೇಳೆ ತೆರುವವರು ಅಡಿಗೆಮನೆಯಲ್ಲಿರುವವರು. ಡಿ.ವಿ.ಜಿ.ಯವರ ಪತ್ನಿ ಭಾಗೀರಥಮ್ಮನವರನ್ನು ಕುರಿತು ಪ್ರಚಾರದಲ್ಲಿರುವ ಒಂದು ಪ್ರಸಂಗವನ್ನು ಅನೇಕರು ಬಲ್ಲರು. ನೆರೆಯವರ ಮನೆಯಲ್ಲಿ ಏನೋ ಸಮಾರಂಭ, ಕರೆಯ ಬಂದಿತ್ತು. ಮನೆಗೆ ಬಂದ ಡಿ.ವಿ.ಜಿ.ಯವರು ನೋಡಿದರೆ ಆಕೆ ಹೋಗದೆ ಮನೆಯಲ್ಲಿಯೇ ಇದ್ದಾರೆ. ಏಕೆಂದು ಕೇಳಿದರು. ಉಡಲು ಯೋಗ್ಯವಾದ ಸೀರೆಯಿರಲಿಲ್ಲ, ಇದ್ದುದು ಹರಿದಿತ್ತು. ತನಗೆ ನಾಚಿಕೆಯೆಂದು ಆಕೆ ಹೇಳಲಿಲ್ಲ. ಆ ಸೀರೆಯಲ್ಲಿ ತನ್ನನ್ನು ಕಂಡರೆ ಜನ ಗಂಡನನ್ನು ಕುರಿತು ಹಗುರವಾಗಿ ಮಾತನಾಡಿಯಾರು, ಆತನ ಮಾನವನ್ನು ಕಾಯುವುದು ತನ್ನ ಕರ್ತವ್ಯ ಎಂಬುದು ಆಕೆಯ ಉತ್ತರವಾಗಿತ್ತಂತೆ.

ಕೇಳಿದವರೆಲ್ಲ ಆ ಸಾಧ್ವಿಯ ಸಂಯಮವನ್ನು ಹೊಗಳುತ್ತಾರೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದು ಸುಖದ ಪ್ರಸಂಗವಲ್ಲವೆಂಬುದನ್ನು ಮರೆಯಬಾರದು. ಬಾಗಿಲು ಮುಂದಕ್ಕೆ ಹಾಕಿಕೊಂಡು, ನೆರೆಮನೆಯ ವಾಲಗವನ್ನು ಕೇಳುತ್ತ ಕುಳಿತ ಹೆಣ್ಣುಮಗಳ ಸಂಜೆ ಅದು. ಗಂಡ ನಿರ್ಭಯವಾಗಿ ಬರೆದ ಒಂದೊಂದು ಲೇಖನದ ಹಿಂದೆಯೂ ಆ ಸಂಜೆಯಿದೆ. ಮುಂದೆ ಬಂದ ಸಮ್ಮೇಳನದ ಅಧ್ಯಕ್ಷಪೀಠವನ್ನಾಗಲಿ, ಡಾಕ್ಟರೇಟನ್ನಾಗಲಿ, ಪದ್ಮಭೂಷಣವನ್ನಾಗಲಿ ನೋಡಲು ಆಕೆ ಉಳಿಯಲಿಲ್ಲ. ಡಿ.ವಿ.ಜಿ.ಯವರಿಗೆ ಇನ್ನೂ ನಡುವಯಸ್ಸಿರುವಾಗಲೇ ತೀರಿಕೊಂಡರು. ಅವರು ಮತ್ತೆ ಮದುವೆಯಾಗಲಿಲ್ಲ. ತಾಯಿಯಿಲ್ಲದ ಮಕ್ಕಳ ಮನೆಯನ್ನು ಕಟ್ಟಿಕೊಂಡು ನಡೆಸಿದರು.

ಆ ಮಕ್ಕಳಲ್ಲಿ ಒಬ್ಬರು 1918ರಲ್ಲಿ ಹುಟ್ಟಿದ ಬಿ. ಜಿ. ಎಲ್. ಸ್ವಾಮಿಯವರು. ತಂದೆ ಹೈಸ್ಕೂಲಿನ ಹೊಸಿಲಲ್ಲಿ ಎಡವಿದ್ದರೆ, ಮಗ ಸಸ್ಯಶಾಸ್ತ್ರವನ್ನು ಹಿಡಿದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರೆಗೂ ಹೋದರು. ಅಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಿನ್ಸಿಪಾಲರಾದರು. ಅಷ್ಟಾಗಿಯೂ ಕನ್ನಡವನ್ನು ಬಿಡಲಿಲ್ಲ. ಗಿಡಮರಗಳನ್ನು ಹುಡುಕಿಕೊಂಡು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ನಗುನಗುತ್ತ ಹೇಳುವ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ತಂದೆಗೆ ಬಂದ ಪ್ರಶಸ್ತಿ ಹನ್ನೊಂದು ವರ್ಷಗಳ ಮೇಲೆ ಮಗನಿಗೂ ಬಂದಿತು. ಅದನ್ನು ಕಾಣಲು ತಂದೆಯವರು ಇರಲಿಲ್ಲ. ಒಂದು ತಲೆಮಾರು ಬಿತ್ತಿದ್ದನ್ನು ಇನ್ನೊಂದು ತಲೆಮಾರು ಕೊಯ್ಯುವಾಗ ಬಿತ್ತಿದವರು ಬದುವಿನ ಮೇಲೆ ನಿಂತು ನೋಡುವುದು ಅಪರೂಪ.

ಇಂಥ ಬಾಳನ್ನು ಬಾಳಿದವರು ಮುಪ್ಪಿನಲ್ಲಿ ಹಿಂದಿರುಗಿ ನೋಡಿ ಬರೆಯಲು ಕುಳಿತಾಗ ಏನು ಬರೆದಾರು? ಬಡತನವನ್ನು ಗೆದ್ದ ಬಗೆಯನ್ನು ಬರೆಯಬಹುದಿತ್ತು; ತನ್ನನ್ನು ಫೇಲು ಮಾಡಿದ ಪರೀಕ್ಷೆಗೆ ಬಡ್ಡಿ ಸಮೇತ ಉತ್ತರ ಕೊಡಬಹುದಿತ್ತು. ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯನ್ನು ಬರೆದರು. ಅದು ಎಂಟು ಸಂಪುಟಗಳ ಗ್ರಂಥ. ಅದರಲ್ಲಿ ಅವರ ಬಾಳು ಇದೆ. ಆದರೆ ಚಿತ್ರಶಾಲೆಯ ಗೋಡೆಗಳ ಮೇಲೆ ತೂಗುಹಾಕಿರುವುದು ಇತರರ ಚಿತ್ರಗಳನ್ನು. ಮೈಸೂರಿನ ದಿವಾನರು ಅಲ್ಲಿದ್ದಾರೆ. ವೀಣೆ ಶೇಷಣ್ಣನವರಿದ್ದಾರೆ, ಬೆಂಗಳೂರು ನಾಗರತ್ನಮ್ಮನವರಿದ್ದಾರೆ. ಅವರ ಜೊತೆಜೊತೆಗೇ, ಯಾವ ಚರಿತ್ರೆಯಲ್ಲಿಯೂ ಸೇರದ ವೈದಿಕರು, ಉಪಾಧ್ಯಾಯರು, ಸಣ್ಣ ಊರಿನ ದೊಡ್ಡ ಮನಸ್ಸಿನವರು ಇದ್ದಾರೆ. ಒಂದು ಸಂಪುಟಕ್ಕೆ ‘ಹೃದಯಸಂಪನ್ನರು’ ಎಂದೇ ಹೆಸರು. ಬೇರೆ ಯಾವ ಸಂಪತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಆ ಸಂಪತ್ತನ್ನು ಹಿಡಿಯಬೇಕೆಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಇನ್ನು, ಒಂಬೈನೂರಕ್ಕೂ ಮಿಕ್ಕ ಪದ್ಯಗಳ ಕಗ್ಗದಲ್ಲಿ ಬಾಳಿನ ಅರ್ಥವನ್ನು ಹುಡುಕುವವನಿಗೆ ಅವರು ಕೊಟ್ಟ ಹೆಸರು ಮಂಕುತಿಮ್ಮ. ಪಂಡಿತನಲ್ಲ, ಜಾಣನಲ್ಲ, ಮಂಕು.

ಅವರ ಉತ್ತರ ಇದು. ಹೈಸ್ಕೂಲಿನಿಂದ ಈಚೆಗೆ ತಾನು ಗಳಿಸಿದ್ದೆಷ್ಟು ಎಂದು ಅವರು ಕೂಡಲಿಲ್ಲ; ಯಾರಿಂದ ಪಡೆದೆನೆಂದು ನೆನೆದರು. ಗಳಿಕೆಯ ಲೆಕ್ಕ ಬರೆಯುವವನಿಗೆ ಪಕ್ಕದವನ ಲೆಕ್ಕ ಕಣ್ಣು ಕುಕ್ಕುತ್ತದೆ. ಎಷ್ಟು ಬರೆದರೂ ಕಡಮೆಯೆನಿಸುತ್ತದೆ. ಋಣದ ಲೆಕ್ಕ ಬರೆಯುವವನಿಗೆ ಪುಟ ತುಂಬಿದಷ್ಟೂ ಮನಸ್ಸು ತುಂಬುತ್ತದೆ. ಅಂಥ ಲೆಕ್ಕದಲ್ಲಿ ಪಾಸಾದವರೂ ಫೇಲಾದವರೂ ಒಂದೇ ಸಾಲಿನಲ್ಲಿ ಕುಳಿತು ಊಟಮಾಡಬಹುದು.

ಈಗಲೂ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವುದು ತಡವಾಗುತ್ತದೆ. ಅಂಕ ಕಡಮೆ ಬಂದ ಹುಡುಗ ಕೋಣೆಯಿಂದ ಹೊರಗೆ ಬಾರನು, ತಂದೆ ಮಾತನಾಡನು. ಆ ಹೊತ್ತಿನಲ್ಲಿ ಡಿ.ವಿ.ಜಿ.ಯವರ ಕಥೆಯನ್ನು ಹೇಳಿ ಹುಡುಗನನ್ನು ಸಮಾಧಾನಪಡಿಸುವುದು ಒಳ್ಳೆಯದೇ. ಆದರೆ ಫೇಲಾದವರೆಲ್ಲ ಡಿ.ವಿ.ಜಿ.ಯವರಾಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಅವನ ಪಕ್ಕದಲ್ಲಿ ಕುಳಿತು, ಒಂದು ತುತ್ತು ಕಲಸಿ ಕೊಟ್ಟರೆ ಸಾಕು. ಮುಂದೆ ಅರುವತ್ತರ ವಯಸ್ಸಿನಲ್ಲಿ ಅವನು ಹಿಂದಿರುಗಿ ನೋಡಿದಾಗ, ಅಂಕಪಟ್ಟಿ ಮಸುಕಾಗಿರುತ್ತದೆ. ಆ ತುತ್ತು ಮಾತ್ರ ಅವನ ಚಿತ್ರಶಾಲೆಯಲ್ಲಿ ತೂಗಿರುತ್ತದೆ.

ಮದುವೆಯ ಮನೆಯ ಪಂಕ್ತಿಯ ಕೊನೆಯಲ್ಲಿ ತಲೆತಗ್ಗಿಸಿ ಕುಳಿತ ಆ ಹಳೆಯ ಸಹಪಾಠಿಯನ್ನು ಮುಂದಿನ ಸಲ ಕಂಡಾಗ ಏನಾಗಿದ್ದೀರೆಂದು ಕೇಳದೆ, ನಿಮ್ಮನ್ನು ಕೈಹಿಡಿದು ನಡೆಸಿದವರು ಯಾರೆಂದು ಕೇಳಿ ನೋಡಬಹುದು. ಆತ ತಲೆಯೆತ್ತಿ ಮಾತನಾಡಲಾರಂಭಿಸಿದರೆ, ಪಾಯಸ ಬಂದುಹೋಗುವವರೆಗೂ ಮಾತು ಮುಗಿಯಲಾರದು.