ಕಂಪನಿಯನ್ನು ಬೈದರೆ ಸಾಲದು, ಪ್ಯಾಟಿ ಮಂದಿಯನ್ನು ಗೆಲ್ಲಬೇಕು



ಒಂದು ಮಾತು ನೇರವಾಗಿ ಕೇಳಿಕೊಳ್ಳೋಣ. ಅಂದೋಲಾದಿಂದ ಟ್ರ್ಯಾಕ್ಟರ್ ಹತ್ತಿ ಬಂದು, ಹಸಿರು ಶಾಲು ಹೊದ್ದು, ನಾವು ಜೇವರ್ಗಿಯಲ್ಲಿ ರಸ್ತೆಗೆ ಅಡ್ಡ ಕುಳಿತರೆ, ನಿಂತ ಬಸ್ಸಿನೊಳಗೆ ಯಾರಿರುತ್ತಾರೆ? ಕಂಪನಿಯ ಮಾಲೀಕ ಇರುತ್ತಾನೇನು? ಇಲ್ಲ. ಕಲಬುರಗಿ ದವಾಖಾನೆಗೆ ಹೊರಟ ಬಸುರಿ ಹೆಂಗಸು, ಪರೀಕ್ಷೆಗೆ ಹೊರಟ ಹುಡುಗ, ದಿನಗೂಲಿಗೆ ಹೊರಟ ಗೌಂಡಿ ಇರುತ್ತಾರೆ. ನಾವು ಯಾರ ವಿರುದ್ಧ ಘೋಷಣೆ ಕೂಗುತ್ತೇವೋ ಅವನಿಗೆ ಬಿಸಿ ತಟ್ಟುವುದಿಲ್ಲ. ಯಾರು ನಮ್ಮ ಜೊತೆ ನಿಲ್ಲಬೇಕೋ ಅವರು ನಮ್ಮನ್ನು ಬೈದುಕೊಂಡು ಹೋಗುತ್ತಾರೆ.

ಬಂಡವಾಳಶಾಹಿ ವಿರುದ್ಧದ ಹೋರಾಟ ಕರ್ನಾಟಕಕ್ಕೆ ಹೊಸದಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ, ರೈತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1996ರಲ್ಲಿ ಕೆಂಟಕಿ ಕೋಳಿ ಅಂಗಡಿಯ ಸರದಿ. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿ. ಸುದ್ದಿ ಜಗತ್ತಿನ ತುಂಬ ಹೋಯಿತು. ಬೀಜದ ಒಡೆತನ ಯಾರದು ಎಂಬ ಪ್ರಶ್ನೆ ಎದ್ದಿತು. 2001ರ ಕಾಯ್ದೆಯಲ್ಲಿ ರೈತ ತನ್ನ ಬೀಜ ಉಳಿಸಿ ಬಿತ್ತುವ ಹಕ್ಕು ಬರೆಯಲ್ಪಟ್ಟಿತು. ಇದು ಸಣ್ಣ ಗಳಿಕೆಯಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಆ ಕೋಳಿ ಅಂಗಡಿಗಳು ಇವತ್ತು ಬೆಂಗಳೂರಿನ ತುಂಬ ಇವೆ. ನಮ್ಮ ಎರಿ ಹೊಲದಲ್ಲಿ ಬಿತ್ತುವ ಹತ್ತಿ ಬಹುಪಾಲು ಬಿಟಿ. ಗಾಜು ಒಡೆದದ್ದು ಪೇಪರಿನವರಿಗೆ ಕಂಡಿತು. ಯಾಕೆ ಒಡೆದರೆಂಬುದು ಪ್ಯಾಟಿ ಮನುಷ್ಯನ ಮನಸ್ಸಿಗೆ ಇಳಿಯಲಿಲ್ಲ.

ಈಗ ದಿಲ್ಲಿಯ ಹೋರಾಟ ನೋಡಿ. 2020ರ ನವೆಂಬರಿನಿಂದ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ರೈತರು ವರ್ಷಕ್ಕೂ ಹೆಚ್ಚು ಕಾಲ ಕುಳಿತರು. ಬಂದವರಿಗೆಲ್ಲ ಅನ್ನ ಹಾಕಿದರು. ಸುತ್ತಲಿನ ಬಡವರ ಮಕ್ಕಳೂ ಆ ಲಂಗರಿನಲ್ಲಿ ಉಂಡರು. ಹೆಣ್ಣುಮಕ್ಕಳು ಮುಂದೆ ಕುಳಿತರು. 2021ರ ಜನವರಿ 26ರಂದು ಕೆಲವರು ಕೆಂಪು ಕೋಟೆಗೆ ನುಗ್ಗಿದ್ದೇ ತಡ, ತಿಂಗಳುಗಟ್ಟಲೆ ಗಳಿಸಿದ ಜನರ ಪ್ರೀತಿ ಅಲುಗಾಡಿತು. ಮುಖಂಡರು ಆ ಕೃತ್ಯದಿಂದ ದೂರ ನಿಂತು, ಶಾಂತಿಯಿಂದ ಜಾಗ ಬಿಡದೆ ಕುಳಿತ ಮೇಲೆಯೇ ಮಂದಿ ಮತ್ತೆ ಬಂದರು. ಆ ನವೆಂಬರಿನಲ್ಲಿ ಮೂರೂ ಕಾಯ್ದೆ ರದ್ದಾದವು.

ನಮ್ಮ ಕೈಯಲ್ಲಿ ಏನಿದೆ? ತೊಗರಿ ಇದೆ. ಅದರ ಕಥೆಯನ್ನೇ ಹೇಳೋಣ. 2015ರಲ್ಲಿ ಪ್ಯಾಟಿಯಲ್ಲಿ ತೊಗರಿ ಬೇಳೆ ಕಿಲೋಕ್ಕೆ 200 ರೂಪಾಯಿ ಮುಟ್ಟಿತು. ಬಡವರ ಸಾರು ನೀರಾಯಿತು. 2016ರ ಜುಲೈಯಲ್ಲಿ ಬೇಳೆಕಾಳು ತರಿಸಲು ಕೇಂದ್ರ ಸರ್ಕಾರ ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡಿತು. ಆ ವರ್ಷ ನಮ್ಮಲ್ಲೂ ಬೆಳೆ ಭರ್ತಿ ಬಂತು. 2017ರ ಆರಂಭದಲ್ಲಿ 5,050 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ತೊಗರಿ ಬಿತ್ತು. ಮೊದಲು ಅತ್ತವರು ಅವರು, ಎರಡು ವರ್ಷದೊಳಗೆ ಅತ್ತವರು ನಾವು. ಅಗ್ಗ ಇದ್ದಾಗ ಕೊಂಡು, ತುಟ್ಟಿ ಆದಾಗ ಮಾರುವ ತಾಕತ್ತು ಗೋದಾಮು ಇದ್ದವನಿಗೆ ಮಾತ್ರ. ಅವರಿಗೂ ನಮಗೂ ಎದುರಾಳಿ ಒಬ್ಬನೇ.

ಇದನ್ನು ಭಾಷಣದಲ್ಲಿ ಅಲ್ಲ, ಲೆಕ್ಕದಲ್ಲಿ ತೋರಿಸಬೇಕು. ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. 2025-26ರ ಬೆಂಬಲ ಬೆಲೆ 8,000 ರೂಪಾಯಿ. ಅದು ಪೂರಾ ಸಿಕ್ಕರೆ ಕಿಲೋ ಬೇಳೆಗೆ ರೈತನ ಪಾಲು ಸುಮಾರು 110 ರೂಪಾಯಿ. 6,000ಕ್ಕೆ ಮಾರಿದರೆ 80ರ ಆಸುಪಾಸು. ಆ ದಿನ ರೈತನಿಗೆ ಸಿಕ್ಕಿದ್ದೆಷ್ಟು, ಅಂಗಡಿಯಲ್ಲಿ ಬೇಳೆಗೆ ಎಷ್ಟು ಎಂದು ಹಲಗೆ ಮೇಲೆ ಬರೆದು ಕಲಬುರಗಿಯ ಸಂತೆಯಲ್ಲಿ ನಿಲ್ಲಿಸಿ. ಮಿಲ್ಲಿನವನ ಖರ್ಚು, ಸಾಗಣೆ ಖರ್ಚನ್ನೂ ಮುಚ್ಚಿಡದೆ ಬರೆಯಿರಿ. ಸುಳ್ಳು ಲೆಕ್ಕ ಒಂದು ಸಲ ಸಿಕ್ಕಿಬಿದ್ದರೆ ನಮ್ಮ ಖರೇ ಮಾತನ್ನೂ ಯಾರೂ ನಂಬರು.

"ರೈತನಿಗೆ ಬೆಲೆ ಏರಿದರೆ ನಮಗೆ ಬೇಳೆ ತುಟ್ಟಿ ಅಲ್ಲವೇ?" ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಬೇಡಿಕೆಯಲ್ಲೇ ಉತ್ತರ ಇರಬೇಕು: ಸರ್ಕಾರ ಬೆಂಬಲ ಬೆಲೆಗೆ ತೊಗರಿ ಕೊಳ್ಳಲಿ, ಅದೇ ಬೇಳೆಯಾಗಿ ಪಡಿತರ ಅಂಗಡಿಗೆ ಬರಲಿ. ಈ ಒಂದು ಬೇಡಿಕೆಗೆ ಅಂದೋಲಾದ ರೈತನೂ ಕಲಬುರಗಿಯ ಹಮಾಲನೂ ಒಟ್ಟಿಗೆ ಕೈ ಎತ್ತಬಹುದು.

ಕೊನೆಗೆ ಕಹಿಯಾದ ಮಾತು. ಪ್ಯಾಟಿ ದೂರ ಇರಲಿ, ನಮ್ಮೂರಿನ ಕೂಲಿಯವರೇ ನಮ್ಮ ಸಭೆಗೆ ಯಾಕೆ ಬರುವುದಿಲ್ಲ? ತೊಗರಿ ಕೊಯ್ಯುವ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವ ಕೈ, ನ್ಯಾಯ ಬೆಲೆ ಬೇಕೆಂದು ಮೇಲೆದ್ದರೆ ಯಾರು ನಂಬಬೇಕು? ಬೆಂಬಲ ಬೆಲೆಗೆ ಕಾಯ್ದೆ ಕೇಳುವ ನಾವು ಕನಿಷ್ಠ ಕೂಲಿಯ ಕಾಯ್ದೆ ಎಂದೊಡನೆ ಮುಖ ತಿರುಗಿಸಿದರೆ, ಕಂಪನಿಗೂ ನಮಗೂ ಫರಕು ಏನು?

ಆದ್ದರಿಂದ ಈ ಹಂಗಾಮಿನಲ್ಲಿ ಮೂರು ಕೆಲಸ ಮಾಡೋಣ. ರಾಶಿಗೆ ಮುಂಚೆ ಊರಲ್ಲಿ ಕೂತು ಗಂಡಿಗೂ ಹೆಣ್ಣಿಗೂ ಸಮ ಕೂಲಿ ಗೊತ್ತುಮಾಡಿ, ಕೂಲಿಯವರನ್ನೂ ಹೋರಾಟ ಸಮಿತಿಗೆ ಕರೆಯೋಣ. ಲೆಕ್ಕದ ಹಲಗೆ ಹೊತ್ತು ಪ್ಯಾಟಿಗೆ ಹೋಗೋಣ. ರಸ್ತೆಗೆ ಕೂರಲೇಬೇಕಾದರೆ ರೋಗಿಗಳ ಗಾಡಿಗೆ, ಪರೀಕ್ಷೆಯ ಮಕ್ಕಳಿಗೆ ದಾರಿ ಬಿಟ್ಟು, ನಿಂತ ಬಸ್ಸಿನವರಿಗೆ ನೀರು ಕೊಟ್ಟು, ಯಾಕೆ ಕೂತಿದ್ದೇವೆಂದು ಹೇಳೋಣ. ಕಂಪನಿಯ ಹತ್ತಿರ ರೊಕ್ಕ ಇದೆ. ನಮಗೆ ಇರುವುದು ಮಂದಿ ಮಾತ್ರ. ಅದನ್ನು ಕಳೆದುಕೊಂಡರೆ ಹೋರಾಟಕ್ಕೆ ಉಳಿಯುವುದೇನು?