ದುಡಿದವನಿಗೆ ನಾಲ್ಕಾಣೆ, ಧಣಿಗಳಿಗೆ ಹನ್ನೆರಡಾಣೆ

ಕಂಪ್ಯೂಟರಿನಲ್ಲಿ ಆಡುವ ಆಟದ ವಿಷಯಕ್ಕೆ ಶ್ರಮಜೀವಿಗಳ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೆಲವು ಓದುಗರು ಕೇಳಬಹುದು. ಕೂಲಿ, ದಲಾಲಿ, ಒಡೆತನ ಈ ಮೂರು ಪ್ರಶ್ನೆಗಳು ಎಲ್ಲಿ ಎದ್ದರೂ ಅದು ನಮ್ಮ ವಿಷಯವೇ. 2015ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಎರಡು ಕಂಪನಿಗಳಿಗೂ ಆಟಗಾರರಿಗೂ ನಡೆದ ನಾಲ್ಕು ದಿನದ ಜಗಳದಲ್ಲಿ ಈ ಮೂರೂ ಒಟ್ಟಿಗೇ ಎದ್ದವು.

ಸಂಗತಿ ಹೀಗಿದೆ. ಬೆಥೆಸ್ಡಾ ಎಂಬ ಕಂಪನಿ 2011ರ ನವೆಂಬರಿನಲ್ಲಿ 'ಸ್ಕೈರಿಮ್' ಎಂಬ ಆಟವನ್ನು ಮಾರಾಟಕ್ಕೆ ತಂದಿತು. ಅದನ್ನು ಕೊಂಡವರಲ್ಲಿ ಸಾವಿರಾರು ಮಂದಿ ಬರಿದೆ ಆಡಿ ಸುಮ್ಮನಾಗಲಿಲ್ಲ. ಹೊಸ ಊರು, ಹೊಸ ಕತ್ತಿ, ಹೊಸ ಕಥೆಗಳನ್ನು ತಾವೇ ರಚಿಸಿ ಆಟಕ್ಕೆ ಜೋಡಿಸಿದರು; ಕಂಪನಿ ಉಳಿಸಿದ್ದ ದೋಷಗಳನ್ನೂ ತಿದ್ದಿದರು. ಇಂಥ ಸೇರ್ಪಡೆಗೆ 'ಮಾಡ್' ಎಂದು ಹೆಸರು. ನಮ್ಮ 'ಮಾಡು' ಎಂಬ ಮಾತಿಗೂ ಇದಕ್ಕೂ ನಂಟಿಲ್ಲ; ಆದರೂ ಇದು ಮಾಡುವವರ ಕೈಕೆಲಸವೇ. ಬಿಡುವಿನ ವೇಳೆಯಲ್ಲಿ ಮಾಡಿದ ಈ ಕೆಲಸವನ್ನು ಅವರು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಹಂಚಿಕೊಂಡರು. ಒಬ್ಬನ ಕೆಲಸದ ಮೇಲೆ ಇನ್ನೊಬ್ಬನು ತನ್ನ ಕೆಲಸ ಕಟ್ಟಿದನು. ಆಟವು ಹಳತಾಗದೆ ವರ್ಷಗಟ್ಟಲೆ ಮಾರಾಟವಾಗುತ್ತ ಬಂದುದಕ್ಕೆ ಈ ಬಿಟ್ಟಿ ದುಡಿಮೆಯೂ ಒಂದು ಕಾರಣ.

'ಸ್ಟೀಮ್' ಎಂಬುದು ಇಂಥ ಆಟಗಳು ಬಿಕರಿಯಾಗುವ ದೊಡ್ಡ ಮಂಡಿ. ಅದರ ಒಡೆಯರಾದ ವಾಲ್ವ್ ಕಂಪನಿಯವರು ಬೆಥೆಸ್ಡಾದೊಡನೆ ಕೂಡಿ, ಸ್ಕೈರಿಮ್‌ನ ಮಾಡ್‌ಗಳನ್ನು ಇನ್ನು ಹಣಕ್ಕೆ ಮಾರಬಹುದೆಂದು ಏಪ್ರಿಲ್ 23ರಂದು ಸಾರಿದರು. ಬೆಲೆ ಇಡುವ ಹಕ್ಕು ಮಾಡಿದವನದು. ಪಾಲು ಹಾಕುವ ಹಕ್ಕು ಧಣಿಗಳದು. ನೂರಕ್ಕೆ 30 ವಾಲ್ವ್‌ಗೆ, 45 ಬೆಥೆಸ್ಡಾಕ್ಕೆ, ಉಳಿದ 25 ದುಡಿದವನಿಗೆ. ಅಂದರೆ ರೂಪಾಯಿಗೆ ನಾಲ್ಕಾಣೆ. ಅದೂ ಕೂಡಲೇ ಸಿಗುವಂತಿರಲಿಲ್ಲ. ಅವನ ಪಾಲು 100 ಡಾಲರು ತುಂಬುವ ತನಕ, ಎಂದರೆ 400 ಡಾಲರಿನ ವ್ಯಾಪಾರವಾಗುವ ತನಕ, ಹಣ ಮಂಡಿಯ ಗಲ್ಲಾದಲ್ಲಿಯೇ ಇರತಕ್ಕದ್ದು.

ಆಟಗಾರರು ಸಿಡಿದೆದ್ದರು. ವಿರೋಧದ ಮನವಿಗೆ 1,30,000ಕ್ಕೂ ಹೆಚ್ಚು ಸಹಿಗಳು ಬಿದ್ದವು. ಏಪ್ರಿಲ್ 27ರಂದು ವಾಲ್ವ್ ಯೋಜನೆಯನ್ನು ಹಿಂತೆಗೆದುಕೊಂಡು, ಕೊಂಡವರಿಗೆ ಹಣ ಮರಳಿಸಿತು.

ಇದು ಜನತೆಯ ಗೆಲುವೆಂದು ಹೊಗಳಿದವರು ಬಹಳ. ನಾವು ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಗೆದ್ದವರು ಕೊಳ್ಳುವವರು. ದುಡಿದವನಿಗೆ ಬರಲಿದ್ದ ನಾಲ್ಕಾಣೆಯೂ ಹೋಗಿ ಸೊನ್ನೆ ಉಳಿಯಿತು. ಬೆಲೆ ಕೇಳಿದವರನ್ನು ಹಣದಾಸೆಯವರೆಂದು ಹೀಯಾಳಿಸಿದ್ದೂ ಉಂಟು. ಕೂಲಿ ಕೇಳುವುದು ದುರಾಸೆಯೆಂದು ಮಿಲ್ಲಿನ ಧಣಿ ಹೇಳಿದರೆ ನಮಗೆ ಆಶ್ಚರ್ಯವಿಲ್ಲ. ಪಕ್ಕದಲ್ಲಿ ನಿಂತ ಜೊತೆಗಾರನೇ ಹಾಗೆಂದರೆ ದುಃಖವಾಗುತ್ತದೆ.

'ನಾವು ಆಟ ಕಟ್ಟದಿದ್ದರೆ ನೀವು ಯಾವುದಕ್ಕೆ ಜೋಡಿಸುತ್ತಿದ್ದಿರಿ?' ಎಂಬುದು ಧಣಿಗಳ ವಾದ. ಕಾನೂನು ಅವರ ಕಡೆಗಿದೆ, ನಿಜ. ಆಟದ ಹಕ್ಕುಸ್ವಾಮ್ಯ ಅವರದು. ಆದರೆ ಆಟದ ಬೆಲೆಯನ್ನು ಅವರು ಮೊದಲೇ ಎಣಿಸಿಕೊಂಡಿದ್ದಾರೆ. ಹೊಲಿಗೆ ಯಂತ್ರ ಮಾರಿದವನು, ದರ್ಜಿ ಹೊಲಿದ ಪ್ರತಿ ಅಂಗಿಯ ಕೂಲಿಯಲ್ಲೂ ನೂರಕ್ಕೆ 45 ಕೇಳಿದರೆ ನಮ್ಮ ಪೇಟೆಯಲ್ಲಿ ಯಾರು ಒಪ್ಪಿಯಾರು? ಸಂತೆಕಟ್ಟೆ ಹಾಕಿದವನಿಗೆ ಬಾಡಿಗೆ ಬೇಡವೆಂದು ನಾವು ಹೇಳುವುದಿಲ್ಲ. ಬಾಡಿಗೆಯೇ ಸರಕಿನವನ ಪಾಲಿಗಿಂತ ಹೆಚ್ಚಾದರೆ ಅದು ಸುಲಿಗೆ ಎನ್ನುತ್ತೇವೆ. ಅದೆಷ್ಟು ಹೆಚ್ಚೆಂಬುದನ್ನು ಸಣ್ಣ ವ್ಯಾಪಾರಿಗಳಿಗೆ ನಾವು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಇನ್ನೊಂದು ಕೇಡೂ ಉಂಟು. ಆ ನಾಲ್ಕು ದಿನಗಳಲ್ಲಿ ಮೀನು ಹಿಡಿಯುವ ಒಂದು ಮಾಡ್ ಮಾರಾಟಕ್ಕೆ ಬಂದು, ಮತ್ತೆ ಇಳಿಯಿತು. ಇನ್ನೊಬ್ಬನು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ ಕೆಲಸ ಅದರೊಳಗೆ ಸೇರಿತ್ತೆಂದು ತಕರಾರು ಎದ್ದಿತು. ನಿನ್ನೆಯವರೆಗೆ ಕೊಡುಕೊಳ್ಳುತ್ತಿದ್ದವರು ಒಂದೇ ದಿನದಲ್ಲಿ ಪರಸ್ಪರ ಅನುಮಾನದಿಂದ ನೋಡುವಂತಾಯಿತು. ದುಡಿಯುವವರನ್ನು ಕೇಳದೆ ಮೇಲಿನಿಂದ ಹೇರಿದ ಬೆಲೆಯ ಫಲ ಇದು.

ಧಣಿಗಳು ಸೋತು ಸುಮ್ಮನಾದರೇ? ಇಲ್ಲ. ಬೆಥೆಸ್ಡಾ 2017ರ ಆಗಸ್ಟಿನಲ್ಲಿ 'ಕ್ರಿಯೇಷನ್ ಕ್ಲಬ್' ತೆರೆದು, ತಾನೇ ಆರಿಸಿದವರಿಗೆ ಕೆಲಸ ಕೊಟ್ಟು, ಹಂತಹಂತವಾಗಿ ಹಣ ಕೊಡುವ ಪದ್ಧತಿ ತಂದಿತು. 2023ರ ಡಿಸೆಂಬರಿನಲ್ಲಿ ಸ್ಕೈರಿಮ್‌ಗೆ ಹಣದ ಮಾಡ್‌ಗಳ ಅಂಗಡಿಯನ್ನು ಹೊಸದಾಗಿ ತೆರೆಯಿತು. ಬ್ಲಿಜಾರ್ಡ್ ಎಂಬ ಮತ್ತೊಂದು ಕಂಪನಿಯ ನಡೆ ಇದಕ್ಕಿಂತ ಕಟುವಾದದ್ದು. ಅದರ 'ವಾರ್‌ಕ್ರಾಫ್ಟ್ 3' ಆಟದೊಳಗೆ ಆಟಗಾರರು ಕಟ್ಟಿದ 'ಡೋಟಾ' ಲೋಕಪ್ರಸಿದ್ಧವಾಯಿತು. ಆದರೆ ಅದರ ಮುಂದಿನ ಭಾಗವನ್ನು 2013ರಲ್ಲಿ ಹೊರತಂದದ್ದು ವಾಲ್ವ್. ಇಂಥದು ಮತ್ತೆ ಕೈತಪ್ಪದಿರಲೆಂದೋ ಏನೋ, ಬ್ಲಿಜಾರ್ಡ್ 2020ರ ನಿಯಮಾವಳಿಯಲ್ಲಿ, ತನ್ನ ಆಟಗಳೊಳಗೆ ಆಟಗಾರರು ಕಟ್ಟುವುದೆಲ್ಲ ತನ್ನದೇ ಸ್ವತ್ತೆಂದು ಬರೆದುಕೊಂಡಿತು. ಅಲ್ಲಿ ನಾಲ್ಕಾಣೆಯ ಪ್ರಶ್ನೆಯೂ ಏಳುವುದಿಲ್ಲ.

ಆದುದರಿಂದ, ಪುಕ್ಕಟೆಯೇ ಹಣವೇ ಎಂಬ ವಾದದಲ್ಲಿ ಆಟಗಾರನೂ ಮಾಡಿದವನೂ ಬಡಿದಾಡಿಕೊಳ್ಳುವ ತನಕ ಹನ್ನೆರಡಾಣೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಪ್ರೀತಿಯಿಂದ ಹಂಚುವವನ ಕೆಲಸ ಹಂಚಿಕೆಯಾಗಿಯೇ ಉಳಿಯಲಿ. ಅವನ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಸರಕು ಮಾಡದಿರಲಿ. ಕೂಲಿ ಬೇಕೆಂಬವನಿಗೆ ಕೂಲಿ ಸಿಗಲಿ. ಅದರ ದರವನ್ನು ದುಡಿಯುವವರ ಸಂಘವೂ ಕಂಪನಿಯೂ ಎದುರುಬದುರು ಕುಳಿತು ಗೊತ್ತುಮಾಡಲಿ. ಒಂಟಿಯಾಗಿ ಹೋಗಿ ಕೇಳಿದವನಿಗೆ ಎಷ್ಟು ಸಿಗುತ್ತದೆಂಬುದು ಮಿಲ್ಲಿನ ಗೇಟಿನ ಮುಂದೆ ನಿಂತವರಿಗೆಲ್ಲ ಗೊತ್ತು. ಸಹಿ ಹಾಕಿ ನಾಲ್ಕೇ ದಿನದಲ್ಲಿ ಕಂಪನಿಯನ್ನು ಮಣಿಸಿದ ಆ ಲಕ್ಷಾಂತರ ಕೈಗಳು ದುಡಿದವನ ಪಾಲಿಗಾಗಿಯೂ ಒಮ್ಮೆ ಎದ್ದಿದ್ದರೆ, ಲೆಕ್ಕ ಬೇರೆಯಾಗುತ್ತಿತ್ತು. ಅದು ಇನ್ನೂ ಆಗಬೇಕಾದ ಕೆಲಸ.