ಹಳೆ ಕಾರಿಗೆ ಅಗ್ಗದ ಟೈರ್: ಗ್ರಿಪ್ ನೋಡೂಕಿಂತ ಮೊದಲ ವಯಸ್ಸು ನೋಡ್ರಿ

ನಮ್ಮ ಮನಿ ಆಲ್ಟೊ ಹದಿನಾಲ್ಕು ವರ್ಷದ್ದು. ದಿನಾ ಓಡೂದಿಲ್ಲ. ವಾರದಾಗ ಒಂದೆರಡು ಸಲ ತೋಟದಿಂದ ತಿಕೋಟಾ, ತಿಂಗಳಿಗೆ ಮೂರ್ನಾಲ್ಕು ಸಲ ವಿಜಯಪುರ, ಲಗ್ನ-ಕಾರ್ಯ ಇದ್ರ ಬಬಲೇಶ್ವರ ಕಡೆ. ಇಂಥಾ ಗಾಡಿಗೆ ಹೊಸ ಟೈರ್ ಯಾಕ ಅಂತ ಎರಡು ವರ್ಷದ ಹಿಂದ ನಾನೂ ಅಂದಾಂವನ. ಪ್ಯಾಟ್ಯಾಗ ಒಂದು ಅಂಗಡಿಯೊಳಗ ಸೆಕೆಂಡ್ ಹ್ಯಾಂಡ್ ಟೈರ್ ಎರಡು ತಗೊಂಡೆ, ಒಂದಕ್ಕ ಸಾವಿರ ರೂಪಾಯಿ. ಗ್ರಿಪ್ ಹೊಸಾದರಂಗ ಇತ್ತು, ಕರ್ರಗ ಮಿಂಚತಿದ್ವು. ಪಾಲಿಶ್ ಹಚ್ಚಿದ್ರ ಯಾವ ಟೈರ್ ಆದ್ರೂ ಮಿಂಚತೈತಿ ಅನ್ನೂದು ಆವಾಗ ತಲಿಗೆ ಹೊಳೀಲಿಲ್ಲ.

ಹೋದ ವರ್ಷ ಏಪ್ರಿಲ್‌ದಾಗ ಅವ್ವನ್ನ ವಿಜಯಪುರಕ್ಕ ಕಣ್ಣು ತೋರಿಸಾಕ ಕರಕೊಂಡು ಹೊಂಟಿದ್ದೆ. ಮಧ್ಯಾಹ್ನದ ರಣ ಬಿಸಲು. ತಿಕೋಟಾ ದಾಟಿ ಸ್ವಲ್ಪ ದೂರ ಹೋಗೂದ್ರಾಗ ಹಿಂದಿನ ಎಡಗಾಲಿ ಢಂ ಅಂತು. ಗಾಡಿ ರೋಡ್ ಬಿಟ್ಟು ಜಾಲಿಕಂಟಿ ತನಕ ಹೋಗಿ ನಿಂತಿತು. ಬಲಕ್ಕ ಎಳದಿದ್ರ ಎದರಿಗೆ ಬರೂ ಲಾರಿ ಇತ್ತು. ಅವ್ವ "ಏನಾತೋ ತಮ್ಮಾ" ಅಂದಾಕಿ ಮತ್ತ ಮಾತಾಡಲಿಲ್ಲ. ಮುಂದ ಮೂರು ತಿಂಗಳು ಆ ಗಾಡಿ ಹತ್ತಲಿಲ್ಲ.

ಹರದ ಟೈರ್ ಮನಿಗೆ ತಂದು ನೋಡಿದೆ. ಪಕ್ಕದ ಮೈಮ್ಯಾಲ ಡಿಒಟಿ ಅಂತ ಬರದ ಸಾಲಿನ ಕೊನೀಗೆ ನಾಲ್ಕು ಅಂಕಿ: 3413. ಅಂದ್ರ 2013ನೇ ಇಸವಿಯ 34ನೇ ವಾರದಾಗ ತಯಾರಾದದ್ದು. ಹನ್ನೊಂದು ವರ್ಷ ದಾಟಿದ ರಬ್ಬರ್ ಮ್ಯಾಲ ಅವ್ವನ್ನ ಕುಂಡ್ರಿಸಿಕೊಂಡು ಹೊಂಟಿದ್ದೆ ನಾನು.

ದ್ರಾಕ್ಷಿಗೆ ಹೊಡಿಯೂ ಔಷಧದ ಬಾಟ್ಲಿ ತಗೊಂಡ್ರ ಮೊದಲ ತಾರೀಖು ನೋಡತೀವಿ. ಡೇಟ್ ಬಾರ್ ಆಗಿದ್ರ ಅಂಗಡಿಯವನ ಜೋಡಿ ಜಗಳಾ ತಗೀತೀವಿ. ಟೈರ್ ತಗೊಳ್ಳೂಮುಂದ ಬರೇ ಗ್ರಿಪ್ಪಿಗೆ ಉಗರ ಹಾಕಿ ನೋಡತೀವಿ. ಹಗಲೆಲ್ಲಾ ಓಡೂ ಟ್ಯಾಕ್ಸಿ ಟೈರ್ ಸವದು ಸಾಯತೈತಿ. ನಮ್ಮಂಥವರದು ಸವಿಯೂದಕಿಂತ ಮೊದಲ ನಿಂತಲ್ಲೆ ಮುದಕಾಗತೈತಿ. ಬ್ಯಾಸಗ್ಯಾಗ ಎರಿ ಹೊಲ ಬಿರದಂಗ ಮೈಮ್ಯಾಲ ಸಣ್ಣ ಬಿರಕ ಬಿಟ್ಟಿದ್ರ, ಗ್ರಿಪ್ ಎಷ್ಟ ಇದ್ರೂ ಮುಟ್ಟಬ್ಯಾಡ್ರಿ.

ನಮ್ಮ ಕಾಕಾ ಕೇಳಿದ್ರು, "ಟ್ರ್ಯಾಕ್ಟರ್ ಟೈರ್ ಹದಿನೈದು ವರ್ಷ ಹಾಕೀವಿ, ಏನಾಗೇತಿ?" ಕಾಕಾರ, ಹೊಲದಾಗ ಟ್ರ್ಯಾಕ್ಟರ್ ನಡಕೊಂತ ಹೋಗತೈತಿ. ಕಾರು ಕಾದ ಡಾಂಬರ್ ಮ್ಯಾಲ ಎಂಬತ್ತರಾಗ ಓಡತೈತಿ. ಎರಡಕ್ಕೂ ಒಂದ ಲೆಕ್ಕ ಬರೂದಿಲ್ಲ.

ಅಗ್ಗದ್ದು ತಗೋಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಎಂಆರ್‌ಎಫ್ ಚಲೋನೋ ಅಪೊಲೊ ಚಲೋನೋ ಅಂತ ಕಟ್ಟಿಮ್ಯಾಲ ಕುಂತು ವಾದ ಮಾಡೂದು ನಮ್ಮ ಓಡಾಟಕ್ಕ ದಂಡ. ಐಎಸ್ಐ ಗುರುತು ಇರಲಿ, ಗಾಡಿಗೆ ಕಂಪನಿ ಹೇಳಿದ ಸೈಜ ಇರಲಿ (ನಮ್ಮ ಆಲ್ಟೊಕ್ಕ 145/80 ಆರ್ 12), ತಯಾರಾಗಿ ವರ್ಷದೊಳಗಿಂದು ಇರಲಿ. ಅದರಾಗ ಎಲ್ಲಾಕಿಂತ ಕಡಿಮಿ ರೇಟಿಂದ ಎತ್ತಿಕೊಳ್ರಿ. ನಾಲ್ಕಕ್ಕ ರೊಕ್ಕ ಇಲ್ಲಂದ್ರ ಎರಡ ಹಾಕಸ್ರಿ. ನನಗ ಎರಡಕ್ಕ ಆರು ಸಾವಿರದ ಹತ್ತಿರ ಬಿತ್ತು. ಆವಾಗ ಜಿಎಸ್‌ಟಿ ಶೇ 28 ಇತ್ತು. 2025ರ ಸಪ್ಟಂಬರ್ 22ರಿಂದ ಶೇ 18 ಆಗೇತಿ, ಟ್ರ್ಯಾಕ್ಟರ್ ಟೈರಿಗೆ ಶೇ 5. ಬಿಲ್ ಕೇಳಿ ಇಸಗೊಳ್ರಿ, ಹಳೇ ರೇಟ್ ಹೇಳಿದ್ರ ಒಪ್ಪಬ್ಯಾಡ್ರಿ.

ಎರಡ ಹಾಕಸಿದ್ರ ಯಾವ ಗಾಲಿಗೆ? ಅಂಗಡಿಯವರು "ಎಂಜಿನ್ ಮುಂದ ಐತಿ, ಮುಂದ ಹಾಕೂಣ್ರಿ" ಅಂತಾರ. ನಾ ಹಿಂದ ಹಾಕಸಿದೆ, ಹಿಂದಿನ ಚಲೋ ಇದ್ದೂವು ಮುಂದಕ್ಕ ಬಂದ್ವು. ಮುಂಗಾರಿನ ಮೊದಲ ಮಳ್ಯಾಗ ಟ್ರ್ಯಾಕ್ಟರ್ ಗಾಲಿ ಹೊತ್ತು ತಂದ ಎರಿ ರಾಡಿ ರೋಡ್ ಮ್ಯಾಲ ಬಿದ್ದಿರತೈತಿ, ಬೆಣ್ಣಿ ಹಚ್ಚಿದಂಗ. ಅಲ್ಲೆ ಮುಂದಿನ ಗಾಲಿ ಜಾರಿದ್ರ ಎಕ್ಸಲೇಟರ್ ಬಿಟ್ರ ಗಾಡಿ ಕೈಗೆ ಬರತೈತಿ. ಹಿಂದಿಂದು ಜಾರಿದ್ರ ಗಾಡಿ ಗಿರ್ರಂತ ತಿರಗತೈತಿ, ನಮ್ಮಂಥಾ ಡ್ರೈವರ್ ಕೈಯಾಗ ಏನೂ ಉಳಿಯೂದಿಲ್ಲ. ಹೊಸ ಟೈರ್ ಜೋಡಿ ರಬ್ಬರ್ ವಾಲ್ ಸುದ್ದಾ ಹೊಸಾದು ಹಾಕಸ್ರಿ, ಅದಕ್ಕ ಭಾಳ ಖರ್ಚಿಲ್ಲ. ತಾರೀಖಿನ ಅಂಕಿ ಟೈರಿನ ಒಂದ ಮಗ್ಗಲಿಗೆ ಇರತೈತಿ, ಅದು ಹೊರಗ ಬರೂಹಂಗ ಕೂಡಸಾಕ ಹೇಳ್ರಿ.

ಇನ್ನೊಂದು. "ಬ್ಯಾಸಗಿ ಐತಿ, ಹವಾ ಕಡಿಮಿ ಇಡ್ರಿ, ಇಲ್ಲಂದ್ರ ಒಡೀತೈತಿ" ಅಂತ ನಮ್ಮ ಕಡೆ ಎಲ್ಲಾರೂ ಹೇಳತಾರ. ಇದು ತಪ್ಪು. ಹವಾ ಕಡಿಮಿ ಆದ್ರ ಟೈರಿನ ಪಕ್ಕ ಹೆಚ್ಚು ಮಡಚತೈತಿ, ಮಡಚಿದಷ್ಟೂ ಕಾಯತೈತಿ, ಕಾದಷ್ಟೂ ಒಡಿಯೂ ಅಂಜಿಕಿ ಜಾಸ್ತಿ. ಡ್ರೈವರ್ ಬಾಗಲದ ಹತ್ರ ಸ್ಟಿಕರ್ ಮ್ಯಾಲ ಬರದಷ್ಟ ಹವಾ ಇಡ್ರಿ. ಮುಂಜಾನೆ, ಗಾಲಿ ತಣ್ಣಗ ಇದ್ದಾಗ ಚೆಕ್ ಮಾಡಸ್ರಿ.

ಸ್ಟೆಪ್ನಿ ಮರತಿದ್ದೆ. ಅದರದು ಗ್ರಿಪ್ ಒಂದೀಟೂ ಸವದಿಲ್ಲ, ಅಂಕಿ ನೋಡಿದ್ರ 2012ರದ್ದು, ಗಾಡಿ ಜೋಡಿ ಬಂದದ್ದು. ಅವತ್ತು ಅದನ್ನ ಹಾಕಿಕೊಂಡ ವಿಜಯಪುರ ಮುಟ್ಟಿದ್ದೆ. ಈಗ ಅದು ಬೇವಿನ ಗಿಡಕ್ಕ ಹುಡುಗುರ ಜೋಕಾಲಿ ಆಗೇತಿ.